ಮನೆಯ ಕ್ಲೌಡ್ ಸರ್ವರ್: ಕರೆಂಟ್ ಹೋಗಿ ಬಂದಾಗ ತಾನೇ ಏಳುವಂತೆ ಕಟ್ಟಿದ ಬಗೆ

ಫೋಟೊ, ದಾಖಲೆ, ಲೆಕ್ಕಪತ್ರ ಎಲ್ಲವನ್ನೂ ಮನೆಯಲ್ಲೇ ಇಟ್ಟು, ಹೊರಗಿದ್ದಾಗ ಮೊಬೈಲಿನಲ್ಲಿ ತೆರೆಯಲು ನೆಕ್ಸ್ಟ್‌ಕ್ಲೌಡ್ ಎಂಬ ಸ್ವಂತ ಕ್ಲೌಡ್ ತಂತ್ರಾಂಶ ಹಾಕಿಕೊಳ್ಳುವುದು ಒಂದು ಸಂಜೆಯ ಕೆಲಸ. ಅದು ಬೆಂಗಳೂರಿನ ಮನೆಯಲ್ಲಿ ವರ್ಷಗಟ್ಟಲೆ ಓಡಬೇಕಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸರ್ವರ್ ತಾನೇ ಎದ್ದು, ಸರಿಯಾದ ಡಿಸ್ಕ್ ಹಿಡಿದು, ಹೊರಗಿನಿಂದ ಸಿಗುವಂತಾಗುತ್ತದೆಯೇ? ಕೊಂಡ ಪ್ರತಿ ಭಾಗವನ್ನೂ ನಾನು ಇದೇ ಒರೆಗೆ ಹಚ್ಚಿ ಆರಿಸಿದೆ.

ಯಂತ್ರ: ಎಸ್.ಪಿ. ರಸ್ತೆಯಲ್ಲಿ ಸಿಗುವ ಹಳೆಯ ಆಫೀಸ್ ಡೆಸ್ಕ್‌ಟಾಪ್, ಎಂಟನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ಸಿಸ್ಟಮ್‌ಗೆ 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಅಂಗೈಯಗಲದ ಮಿನಿ ಪಿಸಿ ಬಿಟ್ಟು ಸ್ವಲ್ಪ ದೊಡ್ಡ ಎಸ್‌ಎಫ್‌ಎಫ್ (ಸ್ಮಾಲ್ ಫಾರ್ಮ್ ಫ್ಯಾಕ್ಟರ್) ಡಬ್ಬಿ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಮಿನಿ ಪಿಸಿಯೊಳಗೆ ಕೂರುವುದು 7 ಮಿ.ಮೀ. ದಪ್ಪದ 2.5 ಇಂಚಿನ ಡಿಸ್ಕ್. ತಿರುಗುವ ಡಿಸ್ಕ್‌ಗಳಲ್ಲಿ ಆ ದಪ್ಪಕ್ಕೆ 2 ಟಿಬಿಯೇ ಕೊನೆ. ಹೆಚ್ಚು ಜಾಗ ಬೇಕೆಂದರೆ ಯುಎಸ್‌ಬಿ ಡಿಸ್ಕ್, ಅದಕ್ಕೊಂದು ಅಡಾಪ್ಟರ್, ಕೇಬಲ್, ನಡುವೆ ಒಂದು ಬ್ರಿಡ್ಜ್ ಚಿಪ್ ಎಲ್ಲವೂ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಡಿಸ್ಕ್ ಓಡುತ್ತಿರುವಾಗಲೇ ಕಾಣೆಯಾಗುತ್ತದೆ. ಎಸ್‌ಎಫ್‌ಎಫ್‌ನಲ್ಲಿ 3.5 ಇಂಚಿನ 4 ಟಿಬಿ ಡಿಸ್ಕ್ ನೇರ ಸಾಟಾ ಕೇಬಲ್‌ಗೆ ಕೂರುತ್ತದೆ. ಕೊಳ್ಳುವ ಮುಂಚೆ ಅದು ಸಿಎಂಆರ್ (ಟ್ರ್ಯಾಕ್‌ಗಳು ಪಕ್ಕಪಕ್ಕ ಬಿಡಿಬಿಡಿಯಾಗಿರುವ) ಡಿಸ್ಕೇ ಎಂದು ತಯಾರಕರ ಡೇಟಾಶೀಟ್‌ನಲ್ಲಿ ನೋಡಿಕೊಳ್ಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ಸ್ವಲ್ಪ ತಿದ್ದಿದರೂ ಪಕ್ಕದವನ್ನೆಲ್ಲ ಮತ್ತೆ ಬರೆಯಬೇಕು. ದೊಡ್ಡ ಬ್ಯಾಕಪ್ ನಡೆಯುವಾಗ ವೇಗ ಪಾತಾಳಕ್ಕಿಳಿಯುತ್ತದೆ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಆದರೆ ಅಂಗಡಿಯಲ್ಲೇ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ದಾಖಲೆ, ತೆಗೆಸಿ. 5 (ಕೆಟ್ಟು ಬದಲಿಸಿದ ಸೆಕ್ಟರ್‌ಗಳು) ಮತ್ತು 197 (ಕೆಟ್ಟಿರುವ ಅನುಮಾನದ ಸೆಕ್ಟರ್‌ಗಳು) ಸಂಖ್ಯೆಯ ಸಾಲುಗಳ 'ರಾ' ಕಾಲಮ್‌ನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಬೇಡ. 199 (ಡೇಟಾ ಸಾಗಣೆಯ ದೋಷಗಳು) ಸಂಖ್ಯೆಯ ಸಾಲು ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಇಷ್ಟೆಲ್ಲ ಸೇರಿ ಸುಮ್ಮನೆ ಕೂತಾಗ ಎಳೆಯುವುದು ಸುಮಾರು 25 ವ್ಯಾಟ್. ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್.

ಇನ್ನು ಕರೆಂಟ್. ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಹತ್ತಿಕೊಳ್ಳುವವರೆಗಿನ ಅರ್ಧ ನಿಮಿಷವೂ, ಬಿಡಿ ಮನೆಯಲ್ಲಿ ಇನ್ವರ್ಟರ್ ಬದಲಾಗುವ ಕ್ಷಣವೂ ಸರ್ವರ್‌ಗೆ ಸಾಕಷ್ಟು ದೊಡ್ಡ ಕಂದಕ. ಇನ್ವರ್ಟರ್ ಹಿಂಭಾಗದಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿ. ಆದರೂ ನಡುವೆ ಒಂದು 600 ವಿಎ ಯುಪಿಎಸ್ ಇರಲೇಬೇಕು. ಸರ್ವರ್ ಜೊತೆಗೆ ರೌಟರ್, ಫೈಬರ್ ಡಬ್ಬಿ ಎರಡನ್ನೂ ಅದೇ ಯುಪಿಎಸ್‌ಗೆ ಚುಚ್ಚಬೇಕು. ಬ್ಯಾಟರಿ ಹೊಸದಿದ್ದರೆ ಈ ಹೊರೆಗೆ ಅರ್ಧ ಗಂಟೆ ನಿಶ್ಚಿಂತೆ.

ಅಗ್ಗದ ಯುಪಿಎಸ್‌ಗಳಲ್ಲಿ ಯುಎಸ್‌ಬಿ ಪೋರ್ಟ್ ಇರುವುದಿಲ್ಲ, ಹಾಗಾಗಿ ಕರೆಂಟ್ ಹೋದದ್ದು ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ನಾನು ಬಳಸುವ ಉಪಾಯ: ಇನ್ವರ್ಟರ್ ಲೈನ್ ಇಲ್ಲದ ಸಾಕೆಟ್‌ನಲ್ಲಿ ಒಂದು ವೈಫೈ ಸ್ಮಾರ್ಟ್ ಪ್ಲಗ್. ಸರ್ವರ್ ನಿಮಿಷಕ್ಕೊಮ್ಮೆ ರೌಟರ್ ಮತ್ತು ಪ್ಲಗ್ ಎರಡನ್ನೂ ಪಿಂಗ್ ಮಾಡುತ್ತದೆ. ರೌಟರ್ ಉತ್ತರಿಸಿ, ಪ್ಲಗ್ ಸತತ ಹತ್ತು ನಿಮಿಷ ಉತ್ತರಿಸದಿದ್ದರೆ ಕರೆಂಟ್ ಹೋಗಿದೆ ಎಂದರ್ಥ; ಆಗ ಒಂದು ಸ್ಕ್ರಿಪ್ಟ್ ಸರ್ವರನ್ನು ಶಟ್‌ಡೌನ್ ಮಾಡುತ್ತದೆ. ರೌಟರನ್ನೂ ಕೇಳುವುದು ಮುಖ್ಯ, ಇಲ್ಲವಾದರೆ ರೌಟರ್ ರೀಬೂಟ್ ಆದಾಗಲೂ ಸರ್ವರ್ ಸುಮ್ಮನೆ ಮಲಗಿಬಿಡುತ್ತದೆ.

ಮಲಗಿಸುವುದು ಸುಲಭ, ಎಬ್ಬಿಸುವುದರಲ್ಲಿ ಸಿಕ್ಕು. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪುಟ) ಎಸಿ ರಿಕವರಿ ಎಂಬುದನ್ನು 'ಪವರ್ ಆನ್'ಗೆ ಇಟ್ಟರೆ ಕರೆಂಟ್ ಬಂದಾಗ ಯಂತ್ರ ಏಳುತ್ತದೆ, ಆದರೆ ಯಂತ್ರಕ್ಕೆ ಬರುವ ಕರೆಂಟ್ ಒಮ್ಮೆ ಪೂರ್ತಿ ನಿಂತಿದ್ದರೆ ಮಾತ್ರ. ಸರ್ವರ್ ಶಟ್‌ಡೌನ್ ಆಗಿ, ಯುಪಿಎಸ್ ಬ್ಯಾಟರಿ ಖಾಲಿಯಾಗುವ ಮೊದಲೇ ಕರೆಂಟ್ ಮರಳಿದರೆ ಯಂತ್ರಕ್ಕೆ ಏನೂ ಆಗಿಲ್ಲವೆಂದೇ ಲೆಕ್ಕ. ಅದು ಆಫ್ ಆಗಿಯೇ ಉಳಿಯುತ್ತದೆ. ಹಾಗಾಗಿ ಸ್ಕ್ರಿಪ್ಟ್‌ನ ಕೊನೆಯಲ್ಲಿ ಬರೀ ಪವರ್‌ಆಫ್ ಬರೆಯದೆ, ಆರ್‌ಟಿಸಿವೇಕ್ ಆದೇಶವನ್ನು ಆಫ್ ಮೋಡ್‌ನಲ್ಲಿ 3600 ಸೆಕೆಂಡಿಗೆ ಕೊಟ್ಟಿದ್ದೇನೆ. ಬ್ಯಾಟರಿ ಉಳಿದಿದ್ದರೆ ಗಂಟೆಯ ನಂತರ ಮದರ್‌ಬೋರ್ಡ್‌ನ ಗಡಿಯಾರ ಎಬ್ಬಿಸುತ್ತದೆ, ಬರಿದಾಗಿದ್ದರೆ ಎಸಿ ರಿಕವರಿ ಎಬ್ಬಿಸುತ್ತದೆ. ಹಳೆಯ ಯಂತ್ರದ ಸಿಮಾಸ್ ಸೆಲ್, ಅಂದರೆ ಸಿಆರ್2032, ಮೊದಲ ದಿನವೇ ಬದಲಿಸಿ. ಸೆಲ್ ಸತ್ತಿದ್ದರೆ, ಕರೆಂಟ್ ಪೂರ್ತಿ ನಿಂತಾಗ ಈ ಸೆಟ್ಟಿಂಗ್‌ಗಳೇ ಅಳಿಸಿಹೋಗಬಹುದು.

ಯಂತ್ರ ಎದ್ದಿತು, ಡಿಸ್ಕ್ ಏಳಲಿಲ್ಲ ಅನ್ನಿ. ಸಿಸ್ಟಮ್ ಡೆಬಿಯನ್ ಲಿನಕ್ಸ್; ನೆಕ್ಸ್ಟ್‌ಕ್ಲೌಡ್, ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ ವೇಗಕ್ಕೆ ನೆರವಾಗುವ ರೆಡಿಸ್ ಮೂರೂ ಡಾಕರ್ ಕಂಪೋಸ್‌ನಲ್ಲಿ, ಅಂದರೆ ಒಂದೇ ಫೈಲಿನಿಂದ ನಡೆಸುವ ಬೇರೆ ಬೇರೆ ಕಂಟೇನರ್‌ಗಳಲ್ಲಿ. ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿ, ಫೈಲುಗಳು ದೊಡ್ಡ ಡಿಸ್ಕ್‌ನಲ್ಲಿ. ಯಾವ ಡಿಸ್ಕ್ ಯಾವ ಫೋಲ್ಡರಿಗೆ ಮೌಂಟ್ ಆಗಬೇಕು, ಅಂದರೆ ಜೋಡಣೆಯಾಗಬೇಕು ಎಂಬ ಪಟ್ಟಿಯಾದ ಎಫ್‌ಸ್ಟ್ಯಾಬ್‌ನಲ್ಲಿ ಡಿಸ್ಕನ್ನು ಯುಯುಐಡಿಯಿಂದಲೇ (ಅದರದೇ ಗುರುತಿನ ಸಂಖ್ಯೆ) ಹೆಸರಿಸಿ, 'ನೋಫೇಲ್' ಸೇರಿಸಬೇಕು. ಅದಿಲ್ಲದಿದ್ದರೆ ಡಿಸ್ಕ್ ಸಿಗದಾಗ ಬೂಟ್ ಅರ್ಧಕ್ಕೇ ನಿಂತು, ದೂರದಿಂದ ಲಾಗಿನ್ ಆಗಲೂ ಆಗುವುದಿಲ್ಲ. ಆದರೆ ನೋಫೇಲ್ ಒಂದನ್ನೇ ಹಾಕಿದರೆ ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿಯಾಗಿ ಕಾಣುತ್ತದೆ, ಡಾಕರ್ ಅದರೊಳಗೇ ಹೊಸ ಫೋಲ್ಡರ್ ಮಾಡಿಕೊಂಡು ಎಸ್‌ಎಸ್‌ಡಿಗೆ ಬರೆಯತೊಡಗುತ್ತದೆ. ತಡೆಯಲು, ಬೂಟ್ ಆಗುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಡಾಕರ್ ಸೇವೆಗೆ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಸಾಲಿನಲ್ಲಿ ಆ ದಾರಿಯನ್ನು ಕೊಟ್ಟೆ. ಈಗ ಡಿಸ್ಕ್ ಇಲ್ಲದಿದ್ದರೆ ಡಾಕರ್ ಏಳುವುದಿಲ್ಲ, ಲಾಗಿನ್ ಮಾತ್ರ ಸಿಗುತ್ತದೆ. ಬೇಕಾದದ್ದೂ ಅದೇ.

ಹೊರಗಿನಿಂದ ತಲುಪಲು ಮೊದಲು ರೌಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಐಪಿವಿ4ನಲ್ಲಿ ಫಲವಿಲ್ಲ. ಸ್ಟಾಟಿಕ್ ಐಪಿ ದುಡ್ಡು ಕೊಟ್ಟು ಪಡೆಯಬಹುದು, ಆದರೆ ಮನೆಯವರಷ್ಟೇ ಬಳಸುವ ಸರ್ವರನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಯಂತ್ರಗಳನ್ನಷ್ಟೇ ಒಂದು ಖಾಸಗಿ ಜಾಲವಾಗಿ ಬೆಸೆಯುವ ಟೇಲ್‌ಸ್ಕೇಲ್ ಹಾಕಿದ್ದೇನೆ. ಅದರಲ್ಲಿ ಪ್ರತಿ ಯಂತ್ರದ ಕೀ ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಸರ್ವರ್ ಮಟ್ಟಿಗೆ ಕೀ ಅವಧಿಯನ್ನು ಅಡ್ಮಿನ್ ಪುಟದಲ್ಲಿ ನಿಲ್ಲಿಸಿಬಿಡಿ, ಇಲ್ಲವಾದರೆ ಆರು ತಿಂಗಳ ನಂತರ ಒಂದು ದಿನ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ.

ಬ್ಯಾಕಪ್ ಬೇರೆ ಬಡಾವಣೆಯ ನೆಂಟರ ಮನೆಯಲ್ಲಿ: ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಡಿಸ್ಕ್, ಪಾಸ್‌ವರ್ಡ್‌ನಿಂದ ಬೀಗ ಹಾಕಿ ಬ್ಯಾಕಪ್ ಮಾಡುವ ತಂತ್ರಾಂಶ ರೆಸ್ಟಿಕ್. ಒಂದೇ ಮನೆಯೊಳಗೆ ಎರಡು ಡಿಸ್ಕ್‌ಗೆ ರೇಡ್ (ಬರೆದದ್ದು ಎರಡರಲ್ಲೂ ಒಟ್ಟಿಗೇ ಕೂರುವ ಏರ್ಪಾಡು) ಮಾಡಿದರೆ ಅದು ಬ್ಯಾಕಪ್ ಅಲ್ಲ; ತಪ್ಪಿ ಅಳಿಸಿದ್ದು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಮೊದಲ ಪ್ರತಿಯನ್ನು ಪೈ ಇಲ್ಲೇ ಇದ್ದಾಗ ಲ್ಯಾನ್ ಕೇಬಲ್‌ನಲ್ಲಿ ತುಂಬಿಸಿ ಕೊಂಡೊಯ್ಯಬೇಕು, ಏಕೆಂದರೆ 1 ಟಿಬಿ ಕಳಿಸಲು 100 ಎಂಬಿಪಿಎಸ್ ಅಪ್‌ಲೋಡ್‌ನಲ್ಲೂ 22 ಗಂಟೆಗೆ ಕಡಿಮೆಯಿಲ್ಲ. ರಾತ್ರಿ ನಡೆಯುವ ಕ್ರಮ ಇಷ್ಟು: ನೆಕ್ಸ್ಟ್‌ಕ್ಲೌಡ್ ಮೇಂಟೆನೆನ್ಸ್ ಮೋಡ್‌ಗೆ, ಡೇಟಾಬೇಸ್ ಡಂಪ್ (ಅದರ ಪೂರ್ತಿ ನಕಲಿನ ಫೈಲು), ಡಂಪ್ ಮತ್ತು ಫೈಲುಗಳೆರಡರ ಬ್ಯಾಕಪ್, ಮೋಡ್ ವಾಪಸ್. ಡೇಟಾಬೇಸ್ ಬಿಟ್ಟು ಫೈಲಷ್ಟೇ ಉಳಿಸಿದರೆ ಯಾರಿಗೆ ಯಾವುದನ್ನು ಹಂಚಿದ್ದೆವು ಎಂಬ ಮಾಹಿತಿಯೆಲ್ಲ ಹೋಗುತ್ತದೆ. ದಿನದ್ದು 7, ವಾರದ್ದು 4, ತಿಂಗಳದ್ದು 12 ಪ್ರತಿ ಉಳಿಸಿ ಮಿಕ್ಕದ್ದನ್ನು ಅಳಿಸುತ್ತೇನೆ. ರೆಸ್ಟಿಕ್ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಆ ನೆಂಟರ ಬೀರುವಿನಲ್ಲೂ ಇಡಿ. ಅದು ಕಳೆದರೆ ಯಾರೂ ಡೇಟಾ ತೆರೆದುಕೊಡಲಾರರು. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರನ್ನು ಬ್ಯಾಕಪ್‌ನಿಂದ ತೆಗೆದು ತೆರೆದು ನೋಡಬೇಕು.

ಅಪ್‌ಡೇಟ್ ವಿಷಯದಲ್ಲಿ ಒಂದು ಎಚ್ಚರ. ಕಂಪೋಸ್ ಫೈಲಿನಲ್ಲಿ 'ಲೇಟೆಸ್ಟ್' ಎಂದು ಬರೆಯಬೇಡಿ, ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ. ನೆಕ್ಸ್ಟ್‌ಕ್ಲೌಡ್ ದೊಡ್ಡ ಆವೃತ್ತಿಗಳನ್ನು ಒಂದೊಂದಾಗಿ ಮಾತ್ರ ಏರುತ್ತದೆ, ಎರಡು ಮೆಟ್ಟಿಲು ಒಟ್ಟಿಗೆ ಹಾರಿಸಲು ಹೋದರೆ ಕಂಟೇನರ್ ಏಳುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ಬದಲಾದರೆ ಹಳೆಯ ಡೇಟಾ ಫೋಲ್ಡರನ್ನು ಅದು ಓದುವುದಿಲ್ಲ; ಮೊದಲೇ ಡಂಪ್ ತೆಗೆದಿಟ್ಟು, ಹೊಸದರಲ್ಲಿ ತುಂಬಿಸಬೇಕು.