ಹೆಸರು ಬರೆಯುವ ಲೀಡರ್ ಸಾಕು: ಶಾಲಾ ಸಂಸತ್ತಿಗೆ ನಿಜವಾದ ಕೆಲಸ ಕೊಡುವ ಬಗೆ

ಟೀಚರ್ ಸ್ಟಾಫ್ ರೂಮಿಗೆ ಹೋದ ಕೂಡಲೇ ಎದ್ದುಬಂದು, ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವವನೇ ಕ್ಲಾಸ್ ಲೀಡರ್. ಜಾಸ್ತಿ ಮಾತಾಡಿದರೆ ಹೆಸರಿನ ಮುಂದೆ ಇಂಟು ಮಾರ್ಕು. ಲೀಡರನ ಗೆಳೆಯರು ಎಷ್ಟು ಗಲಾಟೆ ಮಾಡಿದರೂ ಅವರ ಹೆಸರು ಬೋರ್ಡಿಗೆ ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಿಂದ ಮಗು ಕಲಿಯುವುದು ಚಾಡಿ ಹೇಳುವುದನ್ನು, ಬೇಕಾದವರನ್ನು ಬಚಾವು ಮಾಡುವುದನ್ನು. ಮಕ್ಕಳಲ್ಲಿ ನಾಯಕತ್ವ ಬೆಳೆಸಬೇಕು ಅಂತ ಹೊರಟವರು ಮೊದಲು ಇದನ್ನು ನಿಲ್ಲಿಸಿ. ಉಳಿದದ್ದು ಆಮೇಲೆ.

ನಾನು ಸಾಗರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಸಮಾಜದವರು ಅಂದಮೇಲೆ ಶಾಲಾ ಸಂಸತ್ತು (ಮಕ್ಕಳೇ ಮತ ಹಾಕಿ ಆರಿಸುವ ಮಂತ್ರಿಮಂಡಲ), ಮತದಾರರ ಸಾಕ್ಷರತಾ ಸಂಘ, ಮಕ್ಕಳ ಗ್ರಾಮಸಭೆ ಎಲ್ಲ ನಮ್ಮ ತಲೆಗೇ. ವಿಜ್ಞಾನದವರಿಗೆ ಇಕೋ ಕ್ಲಬ್ಬು, ಕನ್ನಡದವರಿಗೆ ಪ್ರತಿಭಾ ಕಾರಂಜಿ, ಪಿ.ಇ. ಮಾಸ್ತರಿಗೆ ಮೈದಾನ. ಈ ಹೊಣೆ ಹೊಸದಾಗಿ ಹೊತ್ತ ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಶಾಲಾ ಸಂಸತ್ತಿನ ಚುನಾವಣೆಯನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಅಧಿಸೂಚನೆ, ನಾಮಪತ್ರ, ವಾಪಸಾತಿ, ಪ್ರಚಾರ, ಮೊಬೈಲ್ ಆಪಿನ ಮತಯಂತ್ರ, ಬೆರಳಿಗೆ ಶಾಯಿ. ಫೋಟೋ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಮಂತ್ರಿಗಳಿಗೆ ಬ್ಯಾಡ್ಜು ಬರುತ್ತದೆ, ಪ್ರಮಾಣವಚನವೂ ಆಗುತ್ತದೆ. ಅಲ್ಲಿಂದ ಮುಂದಿನ ಜೂನ್‌ವರೆಗೆ ಆ ಮಂತ್ರಿಮಂಡಲದ ಕೆಲಸವೆಂದರೆ ಅತಿಥಿಗಳಿಗೆ ಹೂಗುಚ್ಛ ಕೊಡುವುದು. ಹೀಗಾಗದಿರಲು ನಾಮಪತ್ರದಲ್ಲೇ ಒಂದು ಸಾಲು ಸೇರಿಸಿ: ‘ಗೆದ್ದರೆ ನಾನು ಮಾಡುವ ಒಂದು ಕೆಲಸ’. ಒಂದೇ ಇರಲಿ. ‘ಶಾಲೆಯನ್ನು ಮಾದರಿ ಮಾಡುತ್ತೇನೆ’ ಅಂತ ಬರೆದರೆ ನಾಮಪತ್ರ ತಿರಸ್ಕರಿಸಿ, ‘ಸೈಕಲ್ ನಿಲ್ಲಿಸಲು ಗೆರೆ ಹಾಕಿಸುತ್ತೇನೆ’ ಅಂತಿದ್ದರೆ ಒಪ್ಪಿಕೊಳ್ಳಿ. ಗೆದ್ದವರ ಆ ಸಾಲು ವರ್ಷವಿಡೀ ನೋಟಿಸ್ ಬೋರ್ಡಿನಲ್ಲಿರಲಿ.

ಒಂದೇ ಬಸ್ಸಿನಲ್ಲಿ ಬರುವ ಮಕ್ಕಳು ಒಟ್ಟಾಗಿ ಒಬ್ಬನಿಗೇ ಮತ ಹಾಕುತ್ತಾರೆ, ಅದನ್ನು ತಡೆಯಲಾಗದು. ದೊಡ್ಡ ಊರಿನ ಹುಡುಗರೇ ಗೆಲ್ಲುತ್ತಾರೆ, ಹುಡುಗಿಯರಿಗೆ ಸಾಂಸ್ಕೃತಿಕ ಖಾತೆ ಸಿಗುತ್ತದೆ. ಅದಕ್ಕೆ ನಾವು ಒಬ್ಬ ಹುಡುಗ ಒಬ್ಬ ಹುಡುಗಿ ಜೋಡಿಯಾಗಿ ನಿಲ್ಲಬೇಕು, ಇಬ್ಬರೂ ಬೇರೆ ಬೇರೆ ಊರಿನವರಾಗಿರಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ಇನ್ನೊಂದು ಮಾತು: ಹತ್ತನೆಯವರನ್ನೇ ಮುಖ್ಯಮಂತ್ರಿ ಮಾಡಿದರೆ ದಸರಾ ರಜೆಯ ನಂತರ ಅವರು ಕೈಗೆ ಸಿಗುವುದಿಲ್ಲ. ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಅಂತ ಅವರ ತಲೆಯೆಲ್ಲ ಎಸ್‌ಎಸ್‌ಎಲ್‌ಸಿಯಲ್ಲಿರುತ್ತದೆ. ಒಂಬತ್ತನೆಯವರು ಮಂತ್ರಿಗಳಾಗಲಿ, ಎಂಟನೆಯವರು ಉಪಮಂತ್ರಿಗಳು. ಹತ್ತನೆಯವರು ಬೇಕಾದರೆ ಸಭಾಪತಿಗಳಾಗಿ ಕೂರಲಿ.

ಈಗ ಖಾತೆಗಳ ವಿಷಯ. ನೀರಾವರಿ, ರಕ್ಷಣೆ, ವಾರ್ತೆ ಅಂತ ವಿಧಾನಸೌಧದ ಪಟ್ಟಿಯನ್ನೇ ಇಳಿಸಬೇಡಿ. ಶಿಸ್ತು ಮಂತ್ರಿಯಂತೂ ಬೇಡವೇ ಬೇಡ, ಅದು ಬೋರ್ಡಿನಲ್ಲಿ ಹೆಸರು ಬರೆಯುವವನ ದೊಡ್ಡ ಅವತಾರ. ನಾವು ಇಟ್ಟುಕೊಂಡಿರುವುದು ಐದು: ಊಟ, ಆರೋಗ್ಯ, ಗ್ರಂಥಾಲಯ, ಕೈತೋಟ, ಆಟ. ಖಾತೆ ಆರಿಸುವಾಗ ಒಂದನ್ನು ಮಾತ್ರ ನೋಡಿ: ಆ ಮಂತ್ರಿ ಕೆಲಸ ಮಾಡದ ದಿನ ಶಾಲೆಯಲ್ಲಿ ಯಾರಿಗಾದರೂ ತೊಂದರೆಯಾಗುತ್ತದೆಯೇ? ಆಗದಿದ್ದರೆ ಅದು ಖಾತೆಯಲ್ಲ, ಬರೀ ಬ್ಯಾಡ್ಜು.

ಊಟದ ಮಂತ್ರಿಯ ಕೆಲಸ ನೋಡಿ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊದಲ ಪಿರಿಯಡ್ ಮುಗಿಯುವುದರೊಳಗೆ ಪ್ರತಿ ತರಗತಿಯಿಂದ ಎಷ್ಟು ಮೊಟ್ಟೆ, ಎಷ್ಟು ಹಣ್ಣು ಅಂತ ಲೆಕ್ಕ ತಂದು ಅಡುಗೆಯವರಿಗೆ ಕೊಡಬೇಕು. ಲೆಕ್ಕ ತಪ್ಪಿದರೆ ಮಧ್ಯಾಹ್ನ ಯಾರೋ ಒಬ್ಬರ ತಟ್ಟೆ ಖಾಲಿ. ಅಪ್ಪ ಅಮ್ಮನಿಗೆ ಗೊತ್ತಾಗದ ಹಾಗೆ ಮೊಟ್ಟೆ ತಿನ್ನುವವರು, ಹಣ್ಣು ಅಂತ ಹೆಸರು ಕೊಟ್ಟು ಆಮೇಲೆ ಮೊಟ್ಟೆಯ ಸಾಲಿಗೆ ಬರುವವರು ಎಲ್ಲ ಇರುತ್ತಾರೆ. ಅವರನ್ನು ಜಗಳವಿಲ್ಲದೆ, ಯಾರ ಮರ್ಯಾದೆಯೂ ಹೋಗದ ಹಾಗೆ ಸಂಭಾಳಿಸುವುದಿದೆಯಲ್ಲ, ನಾಯಕತ್ವ ಅಂದರೆ ನನ್ನ ಮಟ್ಟಿಗೆ ಇದೇ. ಭಾಷಣ ಸ್ಪರ್ಧೆಯ ಯಾವ ಬಹುಮಾನವೂ ಇದನ್ನು ಕಲಿಸುವುದಿಲ್ಲ.

ಆರೋಗ್ಯ ಖಾತೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಊಟವಾದ ಮೇಲೆ ಟೀಚರ ಎದುರಲ್ಲೇ ಎಲ್ಲರೂ ನುಂಗಿದರೇ ಅಂತ ನೋಡುವುದಿದೆ. ಅದಕ್ಕಿಂತ ಮುಖ್ಯವಾದದ್ದು ಒಂದು ಬೀಗದ ಕೀ. ಹುಡುಗಿಯರಿಗೆ ಸರ್ಕಾರ ಕೊಡುವ ಶುಚಿ ಯೋಜನೆಯ ಮುಟ್ಟಿನ ಪ್ಯಾಡುಗಳು ಬೀರುವಿನಲ್ಲಿದ್ದು, ಕೀ ಮಾಸ್ತರ ಜೇಬಿನಲ್ಲಿದ್ದರೆ ಯಾವ ಹುಡುಗಿಯೂ ಹೋಗಿ ಕೇಳುವುದಿಲ್ಲ. ಕೀಯನ್ನು ಆರೋಗ್ಯ ಮಂತ್ರಿಯಾದ ಹುಡುಗಿಗೇ ಕೊಡಿ. ಎಷ್ಟು ಪ್ಯಾಡು ಖರ್ಚಾಯಿತು ಅಂತ ಅವಳು ಬರೆದಿಡಲಿ, ಯಾರಿಗೆ ಕೊಟ್ಟೆ ಅಂತ ಬರೆಯುವುದು ಬೇಡ. ನಮ್ಮಲ್ಲಿ ಈ ಖಾತೆ ಹಿಡಿದ ಒಬ್ಬಳು ತರಗತಿಯಲ್ಲಿ ಬಾಯಿಯೇ ಬಿಡದವಳು. ಪ್ಯಾಡು ಮುಗಿಯುವ ಮುಂಚೆಯೇ ಹೆಡ್‌ಮಾಸ್ತರ ಎದುರು ನಿಂತು ‘ಸರ್, ಸ್ಟಾಕು ಈ ತಿಂಗಳಿಗೆ ಸಾಲಲ್ಲ’ ಅಂದಳು.

ಗ್ರಂಥಾಲಯಕ್ಕೂ ಇದೇ ನಿಯಮ, ಕೀ ಮಕ್ಕಳ ಕೈಗೆ. ಪುಸ್ತಕ ಕಳೆದರೆ ಕಳೆಯಲಿ, ಬೀರುವಿನಲ್ಲಿ ಗೆದ್ದಲು ತಿನ್ನುವುದಕ್ಕಿಂತ ವಾಸಿ. ಸ್ವಚ್ಛತೆ ಅಂತ ಬೇರೆ ಖಾತೆ ಮಾಡಿದರೆ ಒಂದು ಎಚ್ಚರ: ಮಕ್ಕಳಿಂದ ಶೌಚಾಲಯ ತೊಳೆಸುವಂತಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಸೋಪು ಇದೆಯೇ ಅಂತ ನೋಡಿ ಬರೆಯುವುದಷ್ಟೇ ಆ ಮಂತ್ರಿಯ ಕೆಲಸ.

ಒಬ್ಬೊಬ್ಬ ಮಂತ್ರಿಯ ಕೆಳಗೆ ಆರೇಳು ಜನ ಸಾಕು. ಇದು ಸ್ಕೌಟಿನ ಹಳೆಯ ಲೆಕ್ಕ. 1907ರಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರ ಶಿಬಿರ ಮಾಡಿದಾಗ ಅವರನ್ನು ನಾಲ್ಕು ದಳಗಳಾಗಿ ಹಂಚಿ, ಪ್ರತಿ ದಳಕ್ಕೂ ಹುಡುಗನೊಬ್ಬನನ್ನೇ ಮುಂದಾಳು ಮಾಡಿದ್ದ. ಮೂವತ್ತು ಜನರ ಗುಂಪಿನಲ್ಲಿ ಜೋರು ದನಿಯವನೇ ಗೆಲ್ಲುತ್ತಾನೆ. ಆರು ಜನರಲ್ಲಿ ಕೆಲಸ ಗೊತ್ತಿದ್ದವನ ಮಾತು ನಡೆಯುತ್ತದೆ.

ಶನಿವಾರ ಬೆಳಗಿನ ಶಾಲೆ, ಕೊನೆಯ ಪಿರಿಯಡ್‌ನ ಅರ್ಧ ಭಾಗ ಮಂತ್ರಿಮಂಡಲದ ಸಭೆಗೆ. ಒಂದು ಉದ್ದ ನೋಟ್‌ಬುಕ್, ಪುಟಕ್ಕೆ ಮೂರು ಕಾಲಂ: ಏನು ಮಾಡಬೇಕು, ಯಾರು, ಯಾವತ್ತಿನೊಳಗೆ. ಸಭೆ ಶುರುವಾಗುವುದು ಕಳೆದ ವಾರದ ಪುಟ ಓದುವುದರಿಂದ. ಆಗದ ಕೆಲಸದ ಮುಂದೆ ಯಾಕೆ ಆಗಲಿಲ್ಲ ಅಂತ ಮಂತ್ರಿಯೇ ತನ್ನ ಕೈಯಿಂದ ಬರೆಯಬೇಕು. ಬೈಗುಳ ಬೇಡ, ಬರೆದರೆ ಸಾಕು. ಚುನಾವಣೆಯಲ್ಲಿ ಎರಡನೆಯ ಸ್ಥಾನ ಬಂದ ಜೋಡಿ ವಿರೋಧ ಪಕ್ಷದ ನಾಯಕರಾಗುತ್ತಾರೆ, ಪ್ರಶ್ನೆ ಕೇಳುವ ಮೊದಲ ಹಕ್ಕು ಅವರದು. ಸೋತವರಿಗೆ ಕೆಲಸ ಕೊಡದಿದ್ದರೆ ಅವರು ಕಂಪೌಂಡಿನ ಹಿಂದೆ ಬೇರೆಯದೇ ಸರ್ಕಾರ ಕಟ್ಟುತ್ತಾರೆ.

ಈ ಸಭೆಯಲ್ಲಿ ಶಿಕ್ಷಕರು ಕೂರಬೇಕಾದದ್ದು ಕೊನೆಯ ಬೆಂಚಿನಲ್ಲಿ. ನಾನು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕೂರುತ್ತೇನೆ, ಕೈಗೆ ಕೆಲಸವಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಸುಲಭ. ಎರಡು ನಿಮಿಷಕ್ಕೊಮ್ಮೆ ಎಲ್ಲರೂ ಹಿಂದೆ ತಿರುಗಿ ‘ಮೇಡಂ, ನೀವೇ ಹೇಳಿ’ ಅನ್ನುತ್ತಾರೆ. ಹೇಳಬೇಡಿ. ಜೂನ್, ಜುಲೈ ಎರಡು ತಿಂಗಳು ಸಭೆಯಲ್ಲಿ ಬರೀ ಮೌನವಿರುತ್ತದೆ, ಇಲ್ಲವೇ ಗದ್ದಲ. ತಡೆದುಕೊಳ್ಳಿ. ಆದರೆ ಯಾವುದು ಅವರ ತೀರ್ಮಾನ, ಯಾವುದು ನಮ್ಮದು ಅಂತ ಮೊದಲ ದಿನವೇ ಗೆರೆ ಹಾಕಬೇಕು. ಶಿಕ್ಷೆ ಕೊಡುವುದು, ಹೊರಗೆ ಕರೆದೊಯ್ಯುವುದು, ಗೊತ್ತುಮಾಡಿದ ಮೊತ್ತ ದಾಟಿದ ಖರ್ಚು, ಇವು ಶಿಕ್ಷಕರ ಕೈಯಲ್ಲೇ ಇರಲಿ. ಉಳಿದವನ್ನು ಕೊಟ್ಟಮೇಲೆ ವಾಪಸು ಕಿತ್ತುಕೊಳ್ಳುವ ಹಾಗಿಲ್ಲ. ವಾರ್ಷಿಕೋತ್ಸವದ ಪಟ್ಟಿ ಮಕ್ಕಳು ಮಾಡಿ, ಕೊನೆಗೆ ಎಸ್‌ಡಿಎಂಸಿಯವರೊಬ್ಬರ (ಶಾಲಾಭಿವೃದ್ಧಿ ಸಮಿತಿಯವರೊಬ್ಬರ) ಮಗಳ ಡ್ಯಾನ್ಸನ್ನು ಮೇಲಿನಿಂದ ಸೇರಿಸಿದರೆ ಆ ವರ್ಷದ ಸಂಸತ್ತು ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ದುಡ್ಡನ್ನೂ ಕೊಡಿ. ಆಗಸ್ಟ್ 15ರ ಸಿಹಿಯಿಂದ ಶುರು ಮಾಡಬಹುದು. ಇಷ್ಟು ಹಣ, ಇಷ್ಟು ಮಕ್ಕಳು, ಲಾಡುವೋ ಮೈಸೂರುಪಾಕೋ ನೀವೇ ನೋಡಿ ಅನ್ನಿ. ಮೂರು ಅಂಗಡಿಯಲ್ಲಿ ದರ ಕೇಳಿ ಬರೆದುಕೊಂಡು ಬರಲಿ, ಬಿಲ್ಲು ತರಲಿ, ಮರುದಿನದ ಪ್ರಾರ್ಥನೆಯಲ್ಲಿ ಎಲ್ಲರೆದುರು ಲೆಕ್ಕ ಓದಲಿ. ಹತ್ತು ರೂಪಾಯಿ ಉಳಿದರೂ ಓದಲಿ. ನಾಲ್ಕು ಜನರೆದುರು ಲೆಕ್ಕ ಒಪ್ಪಿಸುವ ಅಭ್ಯಾಸ ಹದಿಮೂರು, ಹದಿನಾಲ್ಕನೆಯ ವಯಸ್ಸಿಗೇ ಆಗಬೇಕು. ದೊಡ್ಡವರಾದ ಮೇಲೆ ಅದು ಯಾಕೋ ಬರುವುದಿಲ್ಲ, ನಮ್ಮ ಸುತ್ತ ನೋಡುತ್ತಿದ್ದೇವಲ್ಲ.

ಶಾಲೆಯ ಹೊರಗಿನ ಪರೀಕ್ಷೆ ಮಕ್ಕಳ ಗ್ರಾಮಸಭೆ. ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಗ್ರಾಮ ಪಂಚಾಯತಿಯವರು ಇದನ್ನು ಕರೆಯುತ್ತಾರೆ. ಇದು ಅವರು ತೋರಿಸುವ ದಯೆಯಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಘಟ್ಟದ ಕೆಳಗಿನ ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ನಡೆದಿದ್ದವು, ದುಡಿಯುವ ಮಕ್ಕಳ ಭೀಮ ಸಂಘವೂ ಅದರಲ್ಲಿ ಸೇರಿತ್ತು.

ಸಭೆಗೆ ಹೋಗುವ ಮಕ್ಕಳು ‘ನಮ್ಮೂರಿಗೆ ರಸ್ತೆ ಸರಿ ಇಲ್ಲ’ ಅಂದರೆ ಅಧ್ಯಕ್ಷರು ‘ಗಮನ ಹರಿಸುತ್ತೇವೆ’ ಅನ್ನುತ್ತಾರೆ, ಚಪ್ಪಾಳೆಯಾಗುತ್ತದೆ, ಬಿಸ್ಕತ್ತು ಹಂಚುತ್ತಾರೆ. ನಮ್ಮ ಕೆಲವು ಮಕ್ಕಳು ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ, ಅಂದರೆ ನಡೆದು ಹೋಗುವ ಸಣ್ಣ ಸೇತುವೆ, ದಾಟಿ ಬರಬೇಕು. ಅವರು ಹಾಜರಿ ಪುಸ್ತಕ ತೆಗೆದು, ಜುಲೈನಲ್ಲಿ ಆ ಕೇರಿಯ ಮಕ್ಕಳು ಎಷ್ಟು ದಿನ ಬಂದಿದ್ದಾರೆ, ಉಳಿದವರು ಎಷ್ಟು ದಿನ ಬಂದಿದ್ದಾರೆ ಅಂತ ಪಕ್ಕಪಕ್ಕ ಬರೆದರು. ಸಂಕದ ಫೋಟೋ ತೆಗೆದರು. ಅರ್ಜಿ ಎರಡು ಪ್ರತಿ: ಒಂದು ಪಂಚಾಯತಿಗೆ, ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ವಾಪಸು. ಉತ್ತರ ಬಂದ ಮೇಲೆ ಕೇಳಬೇಕಾದ ಎರಡು ಪ್ರಶ್ನೆಗಳನ್ನೂ ಬಾಯಿಪಾಠ ಮಾಡಿದ್ದರು: ‘ಯಾರು ಮಾಡ್ತಾರೆ ಸರ್? ಯಾವ ತಿಂಗಳೊಳಗೆ?’ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕಾಯಿತು. ಮರುವರ್ಷ ಸಂಕದ ಒಂದು ಬದಿಗೆ ಕೈಹಿಡಿ ಬಂತು. ಇನ್ನೊಂದು ಬದಿ ಬಂದಿಲ್ಲ, ಅದು ನೋಟ್‌ಬುಕ್ಕಿನ ‘ಆಗದ ಕೆಲಸ’ದಲ್ಲಿ ಇವತ್ತಿಗೂ ಇದೆ. ಬಸ್ಸು ನಿಲ್ಲಿಸದ ಬಗ್ಗೆ ಡಿಪೋ ವ್ಯವಸ್ಥಾಪಕರಿಗೆ ಬರೆಯುವಾಗಲೂ ಇದೇ ಕ್ರಮ: ದಿನಾಂಕ, ಸಮಯ, ಬಸ್ಸಿನ ನಂಬರು, ಕೈ ತೋರಿಸಿ ನಿಂತವರು ಎಷ್ಟು ಜನ.

ಮಾತಾಡದ ಮಕ್ಕಳನ್ನು ಬಲವಂತವಾಗಿ ಮೈಕಿನ ಮುಂದೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವ ಸರದಿ ಎಲ್ಲರಿಗೂ ಬರಲಿ, ಅಷ್ಟು ಸಾಕು. ಆಟದ ಸಾಮಾನಿನ ಕೋಣೆ ನೋಡಿಕೊಳ್ಳುವ ಹುಡುಗ, ಯಾವ ಚೆಂಡಿಗೆ ಗಾಳಿ ಇಲ್ಲ, ವಾಲಿಬಾಲ್ ನೆಟ್ಟು ಎಲ್ಲಿ ಹರಿದಿದೆ ಅಂತ ಕೇಳುವ ಮೊದಲೇ ಹೇಳುತ್ತಾನೆ. ವೇದಿಕೆ ಹತ್ತಿಸಿದರೆ ಬೆವರುತ್ತಾನೆ. ಅವನ ಹೆಸರನ್ನು ವರದಿಯಲ್ಲಿ ಬರೆಯಿರಿ, ವೇದಿಕೆ ಬೇಡ.

ಹೆಡ್‌ಮಾಸ್ತರು ಇಷ್ಟಕ್ಕೆಲ್ಲ ಸಮಯ ಕೊಡದಿದ್ದರೆ ಊಟದ ಖಾತೆ ಒಂದನ್ನೇ ನಡೆಸಿ. ಮೊಟ್ಟೆಯ ಲೆಕ್ಕದ ತಲೆನೋವು ತಪ್ಪಿತು ಅಂತ ಗೊತ್ತಾದ ಮೇಲೆ ಎರಡನೆಯ ಖಾತೆಯನ್ನು ಅವರೇ ಕೇಳುತ್ತಾರೆ.

ಫೆಬ್ರವರಿಯಲ್ಲಿ ಹಸ್ತಾಂತರ. ಜೂನ್‌ಗೆ ಬಿಟ್ಟರೆ ಬೇಸಿಗೆ ರಜೆಯಲ್ಲಿ ಎಲ್ಲ ಮರೆತುಹೋಗಿರುತ್ತದೆ. ಪ್ರತಿ ಮಂತ್ರಿಯೂ ನೋಟ್‌ಬುಕ್ಕಿನ ಕೊನೆಯಲ್ಲಿ ಮುಂದೆ ಬರುವವರಿಗಾಗಿ ಒಂದು ಪುಟ ಬರೆಯಬೇಕು, ಉಪಮಂತ್ರಿ ಅದನ್ನು ಓದಿ ಸಹಿ ಹಾಕಬೇಕು. ಉಪದೇಶ ಬೇಡ, ವಿವರ ಬೇಕು. ಗ್ರಂಥಾಲಯದ ಬೀಗ ಎಡಕ್ಕೆ ಎರಡು ಸಲ ತಿರುಗಿಸಬೇಕು. ನುಗ್ಗೆಗಿಡಕ್ಕೆ ಕೈ ತೊಳೆಯುವ ನೀರು ಹೋಗುವ ಪೈಪು ಜೂನ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಎಂಟನೇ ‘ಬಿ’ಯವರು ಮೊಟ್ಟೆಯ ಲೆಕ್ಕವನ್ನು ಯಾವಾಗಲೂ ಎರಡು ಹೆಚ್ಚು ಹೇಳುತ್ತಾರೆ, ತಲೆ ಎಣಿಸಿಯೇ ಬರೆದುಕೊಳ್ಳಿ.