ಅತ್ತೆಯ ಮಸಿ, ನನ್ನ ರೋಬೋಟ್

ಒಂದೂವರೆ ವರ್ಷ ಬೀರುವಿನ ಮೇಲೆ ಧೂಳು ಕುಡಿದುಕೊಂಡು ಕುಳಿತಿದ್ದ ರೋಬೋಟ್ ಕಿಟ್ಟಿನ ಪೆಟ್ಟಿಗೆ ಅದು. ಮಗನಿಗೆಂದು ತರಿಸಿದ್ದು. ಅವನು ಮುಚ್ಚಳ ತೆರೆದು ತಂತಿಗಳ ಗೋಜಲು ನೋಡಿ, ‘ಆಮೇಲೆ ಮಾಡುತ್ತೇನಮ್ಮ’ ಎಂದು ಹಾಸ್ಟೆಲಿಗೆ ಹೊರಟುಹೋದ. ನಾನು ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು, ಓದಿದ್ದು ಬಿ.ಕಾಂ. ದುಡ್ಡು ಕೊಟ್ಟು ತಂದ ಮಾಲು ಬಳಕೆಯಾಗದೆ ಬಿದ್ದಿದ್ದರೆ ನನಗೆ ಸಂಕಟ. ಕಳೆದ ಏಪ್ರಿಲ್‌ನಲ್ಲಿ, ಬಿಸಿಲಿಗೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಒಂದು ಭಾನುವಾರ ಮಧ್ಯಾಹ್ನ, ಸ್ಟೂಲು ಹತ್ತಿ ಅದನ್ನು ಕೆಳಗಿಳಿಸಿದೆ.

ನೆಲದ ಮೇಲೆ ಎಳೆದ ಕಪ್ಪು ಗೆರೆಯನ್ನು ತಾನೇ ಹಿಡಿದು ಸಾಗುವ ಪುಟ್ಟ ಬಂಡಿ ಅದು. ಎರಡು ಹಳದಿ ಮೋಟಾರು, ಎರಡು ಚಕ್ರ, ಮುಂದೆ ಎತ್ತ ಬೇಕಾದರೂ ಉರುಳುವ ಒಂದು ಗುಂಡು, ಪ್ರೋಗ್ರಾಂ ತುಂಬಿಸಿಕೊಂಡು ಬಂಡಿಗೆ ಬುದ್ಧಿ ಹೇಳುವ ಆರ್ಡುಇನೊ ಊನೊ ಬೋರ್ಡು, ಮೋಟಾರು ನಡೆಸುವ ಎಲ್‌298ಎನ್ ಎಂಬ ಕೆಂಪು ಬೋರ್ಡು, ಎರಡು ಇನ್‌ಫ್ರಾರೆಡ್ ಸೆನ್ಸರ್, ಒಂದಿಷ್ಟು ತಂತಿ, ಒಂದು 9 ವೋಲ್ಟ್ ಬ್ಯಾಟರಿ. ಇವನ್ನೆಲ್ಲ ಕೂರಿಸಲು ಕಂದು ಬಣ್ಣದ ಹಲಗೆ. ಅದು ರಟ್ಟು ಎಂದೇ ತಿಳಿದಿದ್ದೆ. ಮೂಲೆಯಲ್ಲಿ ಉಗುರು ತಾಗಿ ಕಾಗದ ಎದ್ದಾಗ ಒಳಗೆ ಗಾಜಿನಂಥ ಅಕ್ರಿಲಿಕ್ ಹೊಳೆಯಿತು. ಮೋಟಾರು ಕೂರಿಸುವಾಗ ಕುಕ್ಕರಿನ ಹಿಡಿ ಬಿಗಿಮಾಡುವ ಹಾಗೆ ಸ್ಕ್ರೂ ತಿರುಗಿಸಿದೆ, ಚಟ್ ಎಂದು ಬಿರುಕು ಬಿಟ್ಟಿತು. ಅಕ್ರಿಲಿಕ್‌ಗೆ ಸ್ಕ್ರೂ ಅಲುಗದಷ್ಟು ಬಿಗಿ ಸಾಕು.

ಮೋಟಾರಿಗೆ ತಂತಿ ಬೆಸೆಯುವುದರಲ್ಲಿ ಎರಡು ಸಂಜೆ ಕಳೆದವು. ಅದರ ಬೆನ್ನಿನಲ್ಲಿರುವ ತಾಮ್ರದ ಕಿವಿಗಳು ತೀರಾ ತೆಳು. ನಾನು ಸೋಲ್ಡರನ್ನು, ಅಂದರೆ ಬೆಸುಗೆಯ ಲೋಹದ ತಂತಿಯನ್ನು, ಬೆಸುಗೆಯ ಐರನ್ನಿನ ತುದಿಯಲ್ಲಿ ಕರಗಿಸಿ, ಹನಿ ಹನಿಯಾಗಿ ತಂದು ಕಿವಿಯ ಮೇಲೆ ಬಿಡುತ್ತಿದ್ದೆ. ಅಂಟಿದಂತೆ ಕಾಣುತ್ತಿತ್ತು, ಮುಟ್ಟಿದರೆ ಉದುರುತ್ತಿತ್ತು. ನಮ್ಮ ಬೀದಿಯ ಮೊಬೈಲ್ ರಿಪೇರಿ ಹುಡುಗ ನಕ್ಕು ಹೇಳಿಕೊಟ್ಟ: ‘ಆಂಟಿ, ಮೊದಲು ತಂತಿ, ಕಿವಿ ಎರಡನ್ನೂ ಬಿಸಿ ಮಾಡಿ. ಸೋಲ್ಡರನ್ನು ಐರನ್ನಿಗೆ ಅಲ್ಲ, ಬಿಸಿಯಾದ ಕಿವಿಗೆ ತಾಗಿಸಿ. ತಾನೇ ಹರಿದುಕೊಳ್ಳುತ್ತದೆ.’ ಹಾಗೇ ಆಯಿತು. ಆದರೆ ಅಷ್ಟರಲ್ಲಿ ಒಂದು ಕಿವಿಯನ್ನು ಎಳೆದೆಳೆದು ಮುರಿದಾಗಿತ್ತು, ಹೊಸ ಮೋಟಾರು ತರಬೇಕಾಯಿತು. ಈಗ ಬೆಸೆದ ಮೇಲೆ ತಂತಿಯನ್ನು ಮೋಟಾರಿನ ಮೈಗೆ ಬಿಸಿ ಅಂಟಿನಿಂದ ಹಿಡಿಸಿಬಿಡುತ್ತೇನೆ. ಎಳೆತವೆಲ್ಲ ಅಂಟಿನ ಮೇಲೆ ಬೀಳುತ್ತದೆ, ಕಿವಿ ಉಳಿಯುತ್ತದೆ.

ಪ್ರೋಗ್ರಾಂ ಬರೆಯುವುದಕ್ಕೆ ಬಹಳ ಹೆದರಿದ್ದೆ, ಅದೇ ಎಲ್ಲಕ್ಕಿಂತ ಸಲೀಸಾಯಿತು. ಆರ್ಡುಇನೊ 2005ರಲ್ಲಿ ಇಟಲಿಯ ಇವ್ರೆಯ ಎಂಬ ಊರಿನಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸಲಿ ಎಂದು ಹುಟ್ಟಿದ ಬೋರ್ಡು. ನನ್ನಂಥವಳನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು ಎಂದಾಯಿತು. ಲ್ಯಾಪ್‌ಟಾಪ್ ಮೊದಲು ಬೋರ್ಡನ್ನು ಗುರುತಿಸಲೇ ಇಲ್ಲ. ಅಗ್ಗದ ಊನೊಗಳಲ್ಲಿ ಲ್ಯಾಪ್‌ಟಾಪಿನೊಡನೆ ಮಾತಾಡಲು ಹೆಚ್ಚಾಗಿ ಸಿಎಚ್340 ಎಂಬ ಚಿಪ್ ಇರುತ್ತದೆ. ಅದನ್ನು ಗುರುತಿಸಲು ಬೇಕಾದ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಿದ ಮೇಲೆ ಒಪ್ಪಿಕೊಂಡಿತು. ಗೆರೆ ಹಿಡಿಯುವ ಲೆಕ್ಕವೂ ಮೂರೇ ಸಾಲಿನದು. ಗೆರೆ ಎರಡು ಸೆನ್ಸರಿನ ನಡುವೆ ಇರಬೇಕು. ಎರಡಕ್ಕೂ ಬಿಳಿ ಕಂಡರೆ ನೇರ ನಡೆ. ಎಡದ್ದಕ್ಕೆ ಕಪ್ಪು ಕಂಡರೆ ಎಡ ಚಕ್ರ ನಿಲ್ಲಿಸಿ ಎಡಕ್ಕೆ ತಿರುಗು. ಬಲದ್ದಕ್ಕೆ ಕಂಡರೆ ಬಲಕ್ಕೆ.

ಆದರೂ ಬಂಡಿ ಹೊರಡಲಿಲ್ಲ. ಚಕ್ರ ಅರ್ಧ ಸುತ್ತು ತಿರುಗುತ್ತಿತ್ತು, ಬೋರ್ಡಿನ ದೀಪ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು, ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತಿತ್ತು. ಹತ್ತು ದಿನ ಪ್ರೋಗ್ರಾಮನ್ನೇ ತಿದ್ದಿದೆ. ತಪ್ಪು ಅಲ್ಲಿರಲೇ ಇಲ್ಲ. ಆ ಚೌಕದ 9 ವೋಲ್ಟ್ ಬ್ಯಾಟರಿ ಕರೆಂಟು ಅಳೆಯುವ ಮೀಟರಿನಂಥದ್ದಕ್ಕೆ ಸರಿ. ಎರಡು ಮೋಟಾರು ಹೊರಡುವಾಗ ಕೇಳುವ ಕರೆಂಟು ಅದರ ಕೈಯಲ್ಲಿ ಕೊಡಲಾಗದು. ವೋಲ್ಟೇಜು ಕುಸಿಯುತ್ತದೆ, ಬೋರ್ಡು ಮೂರ್ಛೆ ಹೋಗುತ್ತದೆ. ಅದನ್ನು ಕಿಟ್ಟಿನಲ್ಲಿ ಇಟ್ಟವರಿಗೆ ಇಷ್ಟು ಗೊತ್ತಿರಲಿಲ್ಲವೇ ಎಂದು ಇಂದಿಗೂ ಸಿಟ್ಟಿದೆ. 18650 ಎಂಬ ಎರಡು ಲಿಥಿಯಂ ಸೆಲ್ ಸಾಲಾಗಿ ಹಾಕಿದೆ: 3.7ರಂತೆ ಒಟ್ಟು 7.4 ವೋಲ್ಟ್. ಎಲ್‌298ಎನ್ ತನ್ನ ಪಾಲೆಂದು ಸುಮಾರು 2 ವೋಲ್ಟ್ ನುಂಗುತ್ತದೆ, ಉಳಿದದ್ದು ಈ ಮೋಟಾರುಗಳಿಗೆ ಸಾಕು. ಈ ಸೆಲ್‌ಗಳನ್ನು ಅವುಗಳ ಚಾರ್ಜರಿನಲ್ಲೇ ಚಾರ್ಜ್ ಮಾಡಬೇಕು. ಬೀಗದ ಕೈ, ಚಿಲ್ಲರೆ ಇರುವ ಪರ್ಸಿನಲ್ಲಿ ಬಿಡಿಯಾಗಿ ಹಾಕಲೇಬಾರದು, ಎರಡು ತುದಿ ಲೋಹಕ್ಕೆ ತಾಗಿದರೆ ಬೆಂಕಿಯಾಗಬಹುದು.

ಸದ್ಯಕ್ಕೆಂದು ಬೋರ್ಡಿಗೆ ಲ್ಯಾಪ್‌ಟಾಪಿನಿಂದ ಕರೆಂಟು, ಮೋಟಾರಿಗೆ ಮಾತ್ರ ಸೆಲ್ ಎಂದು ಮಾಡಿಕೊಂಡೆ. ಆಗ ಹೊಸ ಹುಚ್ಚಾಟ: ಚಕ್ರಗಳು ಮನಸ್ಸಿಗೆ ಬಂದ ಹಾಗೆ ತಿರುಗುತ್ತಿದ್ದವು. ಎಂಜಿನಿಯರಿಂಗ್ ಓದುವ ಮೈದುನನ ಮಗ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. ‘ದೊಡ್ಡಮ್ಮ, ಎರಡರ ಗ್ರೌಂಡ್ ಸೇರಿಸಿದ್ದೀರಾ?’ ಸೇರಿಸಿರಲಿಲ್ಲ. ಸೊನ್ನೆ ಎಲ್ಲಿ ಎಂಬುದರಲ್ಲೇ ಎರಡು ಬೋರ್ಡಿಗೂ ಒಪ್ಪಂದವಿಲ್ಲದಿದ್ದರೆ ಒಂದು ಹೇಳಿದ ‘5 ವೋಲ್ಟ್’ ಇನ್ನೊಂದಕ್ಕೆ ಅರ್ಥವಾಗುವುದಾದರೂ ಹೇಗೆ? ಆರಂಭದ ಶಿಲ್ಕೇ ಬೇರೆ ಬೇರೆ ಇರುವ ಎರಡು ಪುಸ್ತಕವನ್ನು ತಾಳೆ ನೋಡಲು ಕುಳಿತ ಹಾಗೆ. ಒಂದು ಕಪ್ಪು ತಂತಿ ಸೇರಿಸಿದೆ, ಹುಚ್ಚು ನಿಂತಿತು.

ವೇಗದ್ದು ಇನ್ನೊಂದು ಕಥೆ. ಪ್ರೋಗ್ರಾಮಿನಲ್ಲಿ 0ಯಿಂದ 255ರವರೆಗೆ ಯಾವ ಅಂಕಿ ಕೊಟ್ಟರೂ ವೇಗ ಅದರಂತೆ ಬದಲಾಗಬೇಕು. ನನ್ನ ಬಂಡಿ 120 ಎಂದರೆ ಕದಲುತ್ತಿರಲಿಲ್ಲ, 130 ಎಂದರೆ ಗೋಡೆಗೆ ಗುದ್ದುತ್ತಿತ್ತು. ಊನೊದಲ್ಲಿ 3, 5, 6, 9, 10, 11ನೆಯ ಪಿನ್ನುಗಳು (ತಂತಿ ಸಿಕ್ಕಿಸುವ ಜಾಗಗಳು) ಮಾತ್ರ ವೇಗವನ್ನು ಹೀಗೆ ಏರಿಳಿಸಬಲ್ಲವು. ಅವುಗಳ ಪಕ್ಕ ಅಲೆಯಂಥ ಗುರುತಿರುತ್ತದೆ. ನಾನು ಕಣ್ಣಿಗೆ ಬಿದ್ದ 4 ಮತ್ತು 7ಕ್ಕೆ ಸಿಕ್ಕಿಸಿದ್ದೆ. ಅಲ್ಲಿ 128ಕ್ಕಿಂತ ಕಡಿಮೆ ಎಂದರೆ ಇಲ್ಲ, ಅಲ್ಲಿಂದ ಮೇಲೆ ಎಂದರೆ ಪೂರ್ತಿ. ಪಿನ್ನು ಬದಲಿಸಿದ ಮೇಲೂ ಬಂಡಿ ಎಡಕ್ಕೇ ವಾಲುತ್ತಿತ್ತು, ಒಂದು ಎತ್ತು ಮಂದವಾದ ಜೋಡಿಯ ಹಾಗೆ. ಎಡ ಚಕ್ರಕ್ಕೆ 135, ಬಲಕ್ಕೆ 120 ಕೊಟ್ಟ ಮೇಲೆ ನೆಟ್ಟಗೆ ನಡೆಯಿತು.

ಇನ್ನು ಗೆರೆ. ಕೆ.ಟಿ.ಜೆ. ನಗರದ ನಮ್ಮ ಮನೆ ಮಾವನವರು ಹತ್ತಿ ಗಿರಣಿಯಲ್ಲಿದ್ದಾಗ ಕಟ್ಟಿಸಿದ್ದು. ಕೆಂಪು ಆಕ್ಸೈಡಿನ ನೆಲ, ಸುತ್ತಲೂ ನಾಲ್ಕು ಬೆರಳಗಲದ ಕಪ್ಪು ಪಟ್ಟಿ. ಗೆರೆ ಸಿದ್ಧವಾಗಿಯೇ ಇದೆಯಲ್ಲ ಎಂದು ಹಿಗ್ಗಿದೆ. ಸೆನ್ಸರ್ ಒಪ್ಪಲಿಲ್ಲ. ಅದು ಇನ್‌ಫ್ರಾರೆಡ್ ಬೆಳಕು ಚೆಲ್ಲಿ, ಮರಳಿ ಬಂದದ್ದನ್ನು ಅಳೆಯುತ್ತದೆ; ಬಿಳಿ ಮರಳಿಸುತ್ತದೆ, ಕಪ್ಪು ಹೀರುತ್ತದೆ. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿರುವ ಕಪ್ಪು ಪಟ್ಟಿ ಬೆಳಕನ್ನು ಹಾಗೇ ಹಿಂದಕ್ಕೆ ಎಸೆಯುತ್ತಿತ್ತು. ಒರಳಿದ್ದ ಕಡೆ ಹೊಳಪು ಹೋಗಿದೆ, ಅಲ್ಲಿ ಮಾತ್ರ ಅದಕ್ಕೆ ಕಪ್ಪು ಕಾಣುತ್ತಿತ್ತು.

ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನನ್ನು ಸೇರಿಸಿ ಅಂಟಿಸಿ, ಮನೆಯಲ್ಲಿದ್ದ ಕಪ್ಪು ಮಾರ್ಕರಿನಿಂದ ದಪ್ಪ ಗೆರೆ ಎಳೆದೆ. ಕಣ್ಣಿಗೆ ಕಾಡಿಗೆಗಿಂತ ಕಪ್ಪು. ಬಂಡಿ ಅದರ ಮೇಲೆ ಏನೂ ಇಲ್ಲವೆಂಬಂತೆ ಹಾದುಹೋಯಿತು. ಸೆನ್ಸರ್ ಸತ್ತಿದೆಯೇನೋ ಎಂದು ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದೆ. ಬರಿಗಣ್ಣಿಗೆ ಕಾಣದ ಆ ದೀಪ ಪರದೆಯಲ್ಲಿ ನಸುನೇರಳೆಯಾಗಿ ಉರಿಯುತ್ತಿತ್ತು. ಸೆನ್ಸರಿನ ಸೂಕ್ಷ್ಮತೆ ಹೊಂದಿಸುವ ನೀಲಿ ಡಬ್ಬಿಯ ತಿರುಪನ್ನು ತಿರುಗಿಸಿ ತಿರುಗಿಸಿ ಬೆರಳು ನೋಯಿತು. ಕರಗುವ ಬಣ್ಣದಿಂದ (ಡೈ) ಮಾಡಿದ ಎಷ್ಟೋ ಕಪ್ಪು ಶಾಯಿಗಳು ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಇನ್‌ಫ್ರಾರೆಡ್‌ಗೆ ಅವು ಬರೀ ಕಾಗದ. ಇಂಗಾಲದ ಕಪ್ಪು ಹಾಗಲ್ಲ, ಕಣ್ಣಿಗೆ ಕಾಣುವ ಬೆಳಕು, ಇನ್‌ಫ್ರಾರೆಡ್ ಎರಡನ್ನೂ ಹೀರುತ್ತದೆ. ಇದನ್ನು ಓದಿ ಗಟ್ಟಿಯಾಗಿ ಹೇಳಿಕೊಂಡಾಗ ಅತ್ತೆ ಅವರೆಕಾಳು ಬಿಡಿಸುತ್ತಿದ್ದರು.

‘ಇಂಗಾಲ ಎಂದರೆ ಮಸಿ ತಾನೆ? ಅದಕ್ಕೆ ಅಂಗಡಿಗೆ ಯಾಕೆ ಹೋಗಬೇಕು?’

ಹರಳೆಣ್ಣೆ ದೀಪ ಹಚ್ಚಿ, ಮೇಲೆ ಕಂಚಿನ ತಟ್ಟೆ ಬೋರಲು ಹಾಕಿದರು. ಸಂಜೆಗೆ ಒಂದು ಚಮಚ ಮಸಿ. ಎಣ್ಣೆ ಕಲಸಿ ಬಟ್ಟೆಯ ಚೂರಿನಿಂದ ಬಳಿದೆ. ಬಂಡಿ ಇಟ್ಟೆ. ಗೆರೆಗೆ ಮೂಗು ತಾಗಿಸಿದ ನಾಯಿಯ ಹಾಗೆ ಎಡಕ್ಕೆ, ಬಲಕ್ಕೆ ತಲೆ ಆಡಿಸುತ್ತ ಹೊರಟೇಬಿಟ್ಟಿತು. ಮೂರನೆಯ ಸುತ್ತಿನಲ್ಲಿ ನಿಂತಿತು: ಮುಂದಿನ ಗುಂಡಿಗೆ ಒಂದು ಮಂಡಕ್ಕಿ ಸಿಕ್ಕಿಕೊಂಡಿತ್ತು. ದಾವಣಗೆರೆಯ ಮನೆಯಲ್ಲಿ ನೆಲದ ಮೇಲೆ ಮಂಡಕ್ಕಿ ಇರದ ಸಂಜೆ ಉಂಟೇ? ತೆಗೆದು ಬಿಟ್ಟೆ. ಮರುದಿನ ನಾಲ್ಕು ಗಂಟೆಗೆ ಮತ್ತೆ ದಿಕ್ಕು ತಪ್ಪಿತು. ಪಡುವಣ ಕಿಟಕಿಯ ಬಿಸಿಲು ಹಾಳೆಯ ಮೇಲೆ ಬಿದ್ದಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ತುಂಬಿರುತ್ತದೆ, ಸೆನ್ಸರಿಗೆ ಎಲ್ಲವೂ ಬಿಳಿ. ಪರದೆ ಎಳೆದೆ.

ಹತ್ತನೆಯ ಸುತ್ತಿನ ಹೊತ್ತಿಗೆ ಹೊಸ ಕಾಟ. ಚಕ್ರಗಳು ಮಸಿ ಮೆತ್ತಿಕೊಂಡು ಹಾಳೆಯ ತುಂಬ ಬಳಿಯುತ್ತಿದ್ದವು. ತಿರುವಿನಲ್ಲಿ ಬಂಡಿ ನಾನು ಎಳೆದ ಗೆರೆ ಬಿಟ್ಟು, ತಾನೇ ಬಳಿದ ಗೆರೆ ಹಿಡಿದು ಸೋಫಾದ ಅಡಿಗೆ ಹೋಯಿತು.

ಅತ್ತೆ ಬಗ್ಗಿ ನೋಡಿದರು. ‘ಎಣ್ಣೆ ಕಲಸಿದರೆ ಕಾಡಿಗೆ, ಗೋಂದು ಕಲಸಿದರೆ ಶಾಯಿ. ನೀನು ನೆಲಕ್ಕೆ ಕಾಡಿಗೆ ಹಚ್ಚಿದ್ದೀಯ’ ಎಂದರು. ಗೋಂದು ನೆನೆಹಾಕಿದ್ದೇನೆ. ಚಕ್ರ ತೊಳೆಯುವ ಕೆಲಸ ಬಾಕಿ ಇದೆ.