ಪ್ಲೆಸ್ಕೋಟ್ ಅವರ ಸುರಂಗವನ್ನು ಬೋರ್ಡಿನಲ್ಲಿ ಕತ್ತರಿಸಿ ನೋಡಿದೆ

ಪ್ರಾಗ್ ಕೋಟೆಯ ಪಕ್ಕದಲ್ಲಿ ಆಳವಾದ ಒಂದು ಕಂದಕವಿದೆ. ಹಿಂದೆ ಅರಸರು ಅಲ್ಲಿ ಜಿಂಕೆ ಸಾಕುತ್ತಿದ್ದರು, ಅದಕ್ಕೇ ಜಿಂಕೆ ಕಂದಕ ಎಂಬ ಹೆಸರು. 18ನೇ ಶತಮಾನದಲ್ಲಿ ಹಳೆಯ ಸೇತುವೆ ಇದ್ದ ಕಡೆ ಮಣ್ಣಿನ ದಿಬ್ಬ ಹಾಕಿದರು. ಕಂದಕ ಎರಡು ತುಂಡಾಯಿತು. 2002ರಲ್ಲಿ ಚೆಕ್ ವಾಸ್ತುಶಿಲ್ಪಿ ಯೋಸೆಫ್ ಪ್ಲೆಸ್ಕೋಟ್ ಆ ದಿಬ್ಬದ ಅಡಿಯಲ್ಲಿ 84 ಮೀಟರ್ ಉದ್ದದ ಸುರಂಗ ಮಾಡಿದರು. ಬ್ರುಸ್ನಿತ್ಸೆ ಎಂಬ ಸಣ್ಣ ಹಳ್ಳಕ್ಕೂ ನಡೆಯುವವರಿಗೂ ಅದೇ ದಾರಿ. ಒಳಗೆಲ್ಲ ಇಟ್ಟಿಗೆ. ಅಡ್ಡ ಕೊಯ್ದು ನೋಡಿದರೆ ಮೊಟ್ಟೆಯ ಆಕಾರ.

ನಾನೂ ಕಟ್ಟಡಗಳ ನಕ್ಷೆ ಮಾಡುವವಳು. ಮೊದಲ ಸಲ ಅಲ್ಲಿಗೆ ಹೋದಾಗ ಆ ಮೊಟ್ಟೆ ಬರೀ ಚೆಂದಕ್ಕೆ ಅಂದುಕೊಂಡಿದ್ದೆ. ಅನುಮಾನ ತೀರಲಿ ಅಂತ 1:100 ಅಳತೆಯಲ್ಲಿ ಮಾಡೆಲ್ ಮಾಡಲು ಕೂತೆ. 84 ಮೀಟರ್ ಅಂದರೆ 84 ಸೆಂಟಿಮೀಟರ್. 4 ಮಿಲಿಮೀಟರ್ ದಪ್ಪದ ಬೋರ್ಡ್ 210 ಬೇಕು. ಒಂದೊಂದರಲ್ಲೂ ಕಟರ್‌ನಿಂದ ತೂತು ಕೊಯ್ದು, ಸಾಲಾಗಿ ಅಂಟಿಸಬೇಕು.

ಮೊದಲು ಸುಮ್ನೆ ದುಂಡಗೆ ಕೊಯ್ದೆ. 30 ಬೋರ್ಡ್ ಆದ ಮೇಲೆ ತಪ್ಪು ಕಾಣಿಸಿತು. ದಾರಿಯಷ್ಟೇ ಅಗಲ ಇಟ್ಟರೆ ತಲೆ ಮೇಲೆ ಜಾಗ ಇಲ್ಲ. ಎತ್ತರ ಕೊಟ್ಟರೆ ಅಕ್ಕಪಕ್ಕದ ಮಣ್ಣನ್ನು ಬೇಡದೆ ಜಾಸ್ತಿ ತೆಗೆಯಬೇಕು. ಎಲ್ಲವನ್ನೂ ಬಿಟ್ಟು ಮೊಟ್ಟೆ ಕೊಯ್ದೆ. ಆಗ ಅಗಲ ಕಡಿಮೆ, ಎತ್ತರ ಬೇಕಾದಷ್ಟು. ಬಾಗಿದ ಗೋಡೆ ಪಕ್ಕದ ಮಣ್ಣಿನ ಒತ್ತಡವನ್ನೂ ಚೆನ್ನಾಗಿ ತಡೆಯುತ್ತದೆ. ಒಂದು ತುದಿಯಲ್ಲಿ ಟಾರ್ಚ್ ಇಟ್ಟು ಇನ್ನೊಂದು ತುದಿಯಿಂದ ಇಣುಕಿದೆ. ಬೆಳಕು ಉದ್ದಕ್ಕೆ ನಿಂತಿತ್ತು, ಥೇಟ್ ನಿಂತ ಮನುಷ್ಯನ ಹಾಗೆ. ಆ ಹೊತ್ತು ನನಗೆ ಮರೆಯಲು ಆಗುವುದಿಲ್ಲ.

ಪ್ಲೆಸ್ಕೋಟ್ ಅವರ ಬೇರೆ ಕೆಲಸಗಳಲ್ಲೂ ಈ ಗುಣ ಕಾಣುತ್ತದೆ. ಇರುವುದನ್ನು ಕೆಡವುವುದಿಲ್ಲ, ಅದರೊಳಗೇ ಜಾಗ ಹುಡುಕುತ್ತಾರೆ. ಚೆಕ್ ದೇಶದ ಒಸ್ಟ್ರಾವಾ ನಗರದ ಹಳೆ ಉಕ್ಕಿನ ಕಾರ್ಖಾನೆಯಲ್ಲಿ ಗ್ಯಾಸ್ ತುಂಬಿಡುತ್ತಿದ್ದ ದೊಡ್ಡ ಟ್ಯಾಂಕ್ 2012ರಲ್ಲಿ ಗೊಂಗ್ ಎಂಬ ಸಭಾಂಗಣವಾಯಿತು. ಟ್ಯಾಂಕಿನ ಗಂಟೆಯಂಥ ಮುಚ್ಚಳವನ್ನು ಮೇಲೆತ್ತಿ ನಿಲ್ಲಿಸಿ ಒಳಗೆ ಜಾಗ ಮಾಡಿದರು. ಇಂಥ ಧೈರ್ಯಕ್ಕೆ ತಾಳ್ಮೆಯೂ ಬೇಕು, ಅಲ್ವಾ?

ಮಾಡೆಲ್ ಮುಗಿದ ಮೇಲೆ ಮತ್ತೆ ಕಂದಕಕ್ಕೆ ಇಳಿದೆ. ಹೆಜ್ಜೆ ಎಣಿಸಿಕೊಂಡು ನಡೆದೆ. ನನ್ನ ಕಾಲಿಗೆ 120 ಹೆಜ್ಜೆ. ಈ ಸಲ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ನೀರಿನ ಸದ್ದು ಜೊತೆಗೇ ಬರುತ್ತಿತ್ತು. ಆಗ ನಾನು ಒಂದು ಕಾಲುದಾರಿಯ ನಕ್ಷೆ ಮಾಡುತ್ತಿದ್ದೆ. ಅದರಲ್ಲಿ ತೊರೆಯನ್ನು ಪೈಪಿಗೆ ಹಾಕಿ ಮಣ್ಣಿನಡಿ ಹೂತಿದ್ದೆ. ಮನೆಗೆ ಬಂದ ತಕ್ಷಣ ಆ ಗೆರೆ ಅಳಿಸಿ, ತೊರೆಯನ್ನು ದಾರಿಯ ಪಕ್ಕಕ್ಕೆ ತಂದೆ.